ನೂರಿಪ್ಪತ್ತೆಂಟನೆಯ ತೂತು

ನನ್ನ ಷಡ್ಡಕನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಾನು ಅವನ ಬಗ್ಗೆ ಹೇಳುವ ನಾಲ್ಕು ಒಳ್ಳೆಯ ಮಾತುಗಳನ್ನು ಪ್ರೀತಿಯಿಂದ ಹೇಳಿದ್ದೆಂದು ನೀವು ತಿಳಿದುಕೊಂಡೀರಿ. ಅವೆಲ್ಲ ವಿಧಿಯಿಲ್ಲದೆ ಹೇಳಿದ ಮಾತುಗಳು. ನನ್ನ ಹೆಂಡತಿ ಅಕ್ಕ, ಅವನ ಹೆಂಡತಿ ತಂಗಿ. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳ ಗಂಡಂದಿರು ಒಂದೇ ಕಾರ್ಖಾನೆಯ ಒಂದೇ ಸೂರಿನಡಿ ಇಪ್ಪತ್ತೇಳು ವರ್ಷ ದುಡಿದರೆ ಏನಾಗಬೇಕೋ ಅದೇ ಆಯಿತು.

ನಮ್ಮದು ಹಲ್ಲು ಕಡಿಯುವ ಕೆಲಸ. ಹಾಗೆಂದರೆ ಜನ ಇಂದಿಗೂ ನನ್ನ ಮುಂದೆ ಬಾಯಿ ತೆರೆದು ದವಡೆ ತೋರಿಸುತ್ತಾರೆ. ಆ ಹಲ್ಲಲ್ಲ, ಗೇರಿನ ಹಲ್ಲು. ಉಕ್ಕಿನ ಬಿಲ್ಲೆಯನ್ನು ಯಂತ್ರಕ್ಕೆ ಕಟ್ಟಿ ಸುತ್ತಲೂ ಸಮನಾಗಿ ಹಲ್ಲು ಕೊರೆದು ಗೇರ್ ಮಾಡುವುದು. ತಗಡಿನ ಮಾಡು, ಎಣ್ಣೆ ಹಿಡಿದ ಕಿಟಕಿ ಗಾಜು, ಕಾಲಿಟ್ಟಲ್ಲೆಲ್ಲ ಸುರುಳಿ ಸುರುಳಿ ಉಕ್ಕಿನ ಸಿಪ್ಪೆ. ಆ ಕೆಲಸಕ್ಕೆ ಅವನನ್ನು ಸೇರಿಸಿದವನು ನಾನೇ. ಮಾವನವರ ಮಾತು ತೆಗೆದುಹಾಕಲಾರದೆ ಯಜಮಾನರ ಹತ್ತಿರ ಕೈಹಿಡಿದು ಕರೆದುಕೊಂಡು ಹೋದೆ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದೆನಲ್ಲ ಎಂದು ಆಮೇಲೆ ಎಷ್ಟು ಸಲ ಅಂದುಕೊಂಡೆನೋ.

ಸೇರಿದ ದಿನವೇ ಶುರುವಾಯಿತು. ಕಾರ್ಖಾನೆಯಲ್ಲಿ ಎಲ್ಲರ ಎದೆಯ ಮೇಲೂ ಒಂದು ಹಿತ್ತಾಳೆ ಬಿಲ್ಲೆ, ಅದರ ಮೇಲೊಂದು ನಂಬರು. ನನ್ನದು ಸಾವಿರದ ಒಂದು, ಅವನದು ಸಾವಿರದ ಒಂಬತ್ತು. ಎಂಟು ಜನರಷ್ಟು ನಾನು ಹಿರಿಯ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಅವನು ನನ್ನ ಎದೆಯನ್ನೇ ಒಂದು ಗಳಿಗೆ ನೋಡಿದ.

"ಅಣ್ಣ, ನಿಮ್ಮ ನಂಬರು ಏಳರಿಂದ್ಲೂ ಹೋಗುತ್ತೆ, ಹನ್ನೊಂದರಿಂದ್ಲೂ ಹೋಗುತ್ತೆ, ಹದಿಮೂರರಿಂದ್ಲೂ ಹೋಗುತ್ತೆ."

"ನಿನ್ನದು?" ಎಂದೆ.

"ನಂದು ಯಾವುದರಿಂದ್ಲೂ ಹೋಗಲ್ಲ. ಮೂವತ್ತೊಂದರ ತನಕ ಭಾಗಿಸಿ ನೋಡ್ದೆ. ಅದರಾಚೆ ನೋಡೋದೇ ಬೇಕಾಗಿಲ್ಲ."

ಜಂಬದಿಂದ ಹೇಳಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಅಂಗಿಯ ಗುಂಡಿ ಬಿಚ್ಚಿದೆ ಎಂದು ಹೇಳುವಂತೆ ಹೇಳಿದ. ಅದೇ ನನ್ನನ್ನು ಸುಟ್ಟಿದ್ದು. ಅವನಿಗೆ ಬಸ್ಸಿನ ಟಿಕೆಟ್ಟು ಸಿಕ್ಕರೂ ಅಷ್ಟೇ, ಮನೆ ನಂಬರು ಸಿಕ್ಕರೂ ಅಷ್ಟೇ. ಭಾಗವಾಗುತ್ತದೋ ಇಲ್ಲವೋ ಎಂದು ನೋಡದೆ ಬಿಡುವವನಲ್ಲ. ಭಾಗವಾಗದ ಅಂಕಿ ಸಿಕ್ಕ ದಿನ ಇನ್ನೊಂದು ತುತ್ತು ಹೆಚ್ಚು ಉಣ್ಣುತ್ತಾನೆ ಎಂದು ಅವನ ಹೆಂಡತಿಯೇ ನಗುತ್ತಿದ್ದಳು. ಶಾಲೆಯಲ್ಲಿ ಅವಿಭಾಜ್ಯ ಸಂಖ್ಯೆ ಎಂದು ಹೇಳಿಕೊಡುತ್ತಾರಲ್ಲ, ಒಂದರಿಂದ ಮತ್ತು ತನ್ನಿಂದ ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗದ್ದು, ಅದರ ಹುಚ್ಚು ಅವನಿಗೆ.

ಹುಚ್ಚು ಮನೆಯಲ್ಲಿದ್ದರೆ ನನಗೇನು? ಆದರೆ ಹಲ್ಲು ಕಡಿಯುವವರಿಗೆ ಅವಿಭಾಜ್ಯವೆಂದರೆ ನಿಜಕ್ಕೂ ತಲೆನೋವು. ಚಕ್ರಕ್ಕೆ ಅರವತ್ತು ಹಲ್ಲು ಬೇಕೆಂದರೆ ಸುತ್ತನ್ನು ಅರವತ್ತು ಸಮಪಾಲು ಮಾಡಬೇಕು. ಅದಕ್ಕೆ ತೂತುಗಳ ಸಾಲಿರುವ ಒಂದು ದುಂಡು ತಟ್ಟೆ ಇರುತ್ತದೆ. ತೂತಿನಿಂದ ತೂತಿಗೆ ಹಿಡಿಯನ್ನು ಸರಿಸುತ್ತ ಒಂದೊಂದೇ ಹಲ್ಲು ಕಡಿಯುತ್ತೇವೆ. ಅರವತ್ತು, ಎಪ್ಪತ್ತೆರಡು, ತೊಂಬತ್ತಾರು, ಇವೆಲ್ಲ ಸಣ್ಣ ಸಣ್ಣ ಅಂಕಿಗಳಾಗಿ ಒಡೆಯುತ್ತವೆ, ಇರುವ ತಟ್ಟೆಗಳಲ್ಲೇ ಕೆಲಸ ಮುಗಿಯುತ್ತದೆ. ನೂರಿಪ್ಪತ್ತೇಳು ಒಡೆಯುವುದಿಲ್ಲ. ಅದಕ್ಕೆ ನೂರಿಪ್ಪತ್ತೇಳು ತೂತಿನ ತಟ್ಟೆಯೇ ಬೇಕು. ಆ ತಟ್ಟೆಗೆ ತೂತು ಕೊರೆಯಬೇಕಾದರೆ ಮೊದಲು ಸುತ್ತನ್ನು ನೂರಿಪ್ಪತ್ತೇಳು ಪಾಲು ಮಾಡಬೇಕು. ಕೋಳಿ ಮೊದಲೋ ಮೊಟ್ಟೆ ಮೊದಲೋ!

ಇಷ್ಟು ಕಷ್ಟದ್ದನ್ನು ಬಿಟ್ಟುಬಿಡೋಣವೆಂದರೆ ಅದೂ ಆಗದು. ಸ್ಕ್ರೂ ಕಡೆಯುವ ನಮ್ಮ ಹಳೆಯ ಲೇತ್ ಯಂತ್ರಕ್ಕೆ ಇಂಚು ಮಾತ್ರ ಗೊತ್ತು, ಗಿರಾಕಿಗಳಿಗೆ ಮಿಲಿಮೀಟರೇ ಬೇಕು. ಐದು ಇಂಚಿಗೆ ಸರಿಯಾಗಿ ನೂರಿಪ್ಪತ್ತೇಳು ಮಿಲಿಮೀಟರು. ಹಾಗಾಗಿ ಇಂಚಿನ ಯಂತ್ರದಲ್ಲಿ ಮಿಲಿಮೀಟರಿನ ಸ್ಕ್ರೂ ಮಾಡಬೇಕಾದರೆ ನಡುವೆ ನೂರಿಪ್ಪತ್ತೇಳು ಹಲ್ಲಿನ ಒಂದು ಗೇರ್ ಕೂರಲೇಬೇಕು. ಯಂತ್ರದ ಜೊತೆಗೇ ಬಂದ ಅಂಥದ್ದೊಂದು ಗೇರ್ ನಮ್ಮಲ್ಲಿತ್ತು. ಅವನು ಸೇರಿದ ಎಂಟನೆಯ ವರ್ಷ ಅದರ ಮೂರು ಹಲ್ಲು ಮುರಿದವು.

ಆಗ ಕಾರ್ಖಾನೆಯ ಮಾನ ಉಳಿಸಿದವನು ನಾನು. ಅರವತ್ತಮೂರು ಹಲ್ಲಿನ ಗೇರ್ ಹಾಕಿ ಜೊತೆಗೆ ಇನ್ನೆರಡನ್ನು ಹೊಂದಿಸಿದರೆ ಲೆಕ್ಕ ಹೆಚ್ಚು ಕಡಿಮೆ ಅಲ್ಲಿಗೇ ಬರುತ್ತದೆ. ಎಂಟು ಸಾವಿರದಲ್ಲಿ ಒಂದು ಪಾಲು ತಪ್ಪು, ಅಷ್ಟೆ. ಸ್ಕ್ರೂಗಳು ಹೋದವು, ಗಿರಾಕಿ ಒಪ್ಪಿದ, ಯಜಮಾನರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಷಡ್ಡಕ ಒಂದು ಸ್ಕ್ರೂ ಎತ್ತಿ ಬೆಳಕಿಗೆ ಹಿಡಿದ.

"ಗಿಡ್ಡ ಸ್ಕ್ರೂಗೆ ಪರವಾಗಿಲ್ಲ ಅಣ್ಣ. ಉದ್ದದ್ದಕ್ಕೆ ಆಗಲ್ಲ."

ಯಾರು ಕೇಳಿದರು ನಿನ್ನನ್ನು? ಅಂದಿನ ಊಟದ ಹೊತ್ತಿನಲ್ಲಿ ಅವನು ಆ ಮುರಿದ ಗೇರನ್ನು ಮೇಜಿನ ಮೇಲಿಟ್ಟು ಒಂದು ಆಟ ಹೂಡಿದ.

"ನೂರಿಪ್ಪತ್ತೇಳಕ್ಕಿಂತ ಕಡಿಮೆ ಯಾವ ಅಂಕಿ ಬೇಕಾದ್ರೂ ಹೇಳಿ. ಅಷ್ಟಷ್ಟು ಹಲ್ಲು ದಾಟ್ಕೊಂಡು ಸೀಮೆಸುಣ್ಣದಲ್ಲಿ ಗುರುತು ಹಾಕ್ತಾ ಹೋಗ್ತೀನಿ. ಎಲ್ಲ ಹಲ್ಲಿಗೂ ಗುರುತು ಬೀಳೋ ತನಕ ಮೊದಲನೇ ಹಲ್ಲಿಗೆ ವಾಪಸ್ ಬರಲ್ಲ. ಪಂದ್ಯ."

ಯಾರೋ ಹತ್ತು ಎಂದರು. ಗುರುತು ಹಾಕುತ್ತ ಹೋದ. ಮುರಿದ ಮೊಂಡುಗಳೂ ಬಿಳಿಯಾದವು, ಒಂದೂ ಉಳಿಯಲಿಲ್ಲ. ಇನ್ನೊಬ್ಬರು ನಲವತ್ತೆರಡು ಎಂದರು. ಅದೂ ಹಾಗೇ ಆಯಿತು. ನಾನು ಸುಮ್ಮನಿರಬಾರದಿತ್ತೇ? "ಅರವತ್ತಮೂರು" ಎಂದೆ. ಎರಡೇ ನೆಗೆತಕ್ಕೆ ಒಂದು ಸುತ್ತು ಮುಗಿದು ಇವನ ಮುಖಭಂಗವಾಗುತ್ತದೆ ಎಂದುಕೊಂಡಿದ್ದೆ. ಒಂದು ನೆಗೆತ, ಎರಡು ನೆಗೆತ. ಸೀಮೆಸುಣ್ಣ ಬಂದು ನಿಂತದ್ದು ಮೊದಲನೆಯ ಹಲ್ಲಿಗೆ ಸರಿಯಾಗಿ ಒಂದು ಹಲ್ಲು ಹಿಂದೆ.

"ನೂರಿಪ್ಪತ್ತಾರರ ಚಕ್ರ ಆಗಿದ್ರೆ ನೀವು ಗೆಲ್ತಿದ್ರಿ. ಅದು ಅರವತ್ತಮೂರರಿಂದ ಒಡೆಯುತ್ತೆ. ಇದು ಒಡೆಯಲ್ಲ" ಎಂದ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಕಾರ್ಖಾನೆಯಲ್ಲಿ ಅವನ ಹೆಸರು ನೂರಿಪ್ಪತ್ತೇಳು, ನನ್ನ ಹೆಸರು ಅರವತ್ತಮೂರು. ಎಡಗೈಯವನಾದ ನನ್ನನ್ನು ಅಲ್ಲಿಯತನಕ ಎಡಚ ಎಂದು ಕರೆಯುತ್ತಿದ್ದರು. ಅದೇ ವಾಸಿಯಾಗಿತ್ತು.

ಆ ವರ್ಷವೇ ನಮ್ಮ ಹಳೆಯ ಮೇಸ್ತ್ರಿ ಕೆಲಸ ಬಿಡುವವರಿದ್ದರು. ಆ ಜಾಗ ನನಗೆ ಬೇಕಾಗಿತ್ತು. ಗಾಜಿನ ಪುಟ್ಟ ಕೋಣೆ, ತಿರುಗುವ ಕುರ್ಚಿ, ಅಲ್ಲಿಂದ ಇಡೀ ಸಾಲು ಕಾಣುತ್ತದೆ. ಮುಖ್ಯವಾಗಿ ಅವನ ನೆತ್ತಿ ಕಾಣುತ್ತದೆ. ಅದೇ ಹೊತ್ತಿಗೆ ಎರಡು ಮೀಟರ್ ಉದ್ದದ ಸ್ಕ್ರೂಗಳ ಬೇಡಿಕೆ ಬಂತು. ನನ್ನ ಅರವತ್ತಮೂರರಲ್ಲಿ ಅದನ್ನು ಮಾಡಿದರೆ ಕಾಲು ಮಿಲಿಮೀಟರು ತಪ್ಪು. ಗಿರಾಕಿ ಅದನ್ನು ಅಳತೆಯ ಯಂತ್ರಕ್ಕೆ ಹಾಕುವವನು, ಕೂದಲೆಳೆಯಷ್ಟೂ ಬಿಡುವವನಲ್ಲ.

"ಹೊಸ ನೂರಿಪ್ಪತ್ತೇಳು ನಾನು ಮಾಡ್ತೀನಿ ಸಾರ್" ಎಂದ ಷಡ್ಡಕ. "ಮಾಡಿದ್ರೆ ಮೇಸ್ತ್ರಿ ನೀನೇ" ಎಂದರು ಯಜಮಾನರು. ನಾನು ನಗುತ್ತ ಅವನ ಹೆಗಲು ತಟ್ಟಿದೆ. ಅಂದು ಊಟದ ಡಬ್ಬಿ ಬಿಚ್ಚಲಿಲ್ಲ, ಹಾಗೇ ಮನೆಗೆ ಒಯ್ದು ಹೆಂಡತಿಯಿಂದ ಬೈಸಿಕೊಂಡೆ.

ಅವನ ಉಪಾಯ ಕೇಳಿದರೆ ನೀವೂ ತಲೆದೂಗುತ್ತೀರಿ. ದುಂಡಗಿನದನ್ನು ನೂರಿಪ್ಪತ್ತೇಳು ಪಾಲು ಮಾಡುವುದು ಕಷ್ಟ, ಆದರೆ ಉದ್ದನೆಯ ಪಟ್ಟಿಯ ಮೇಲೆ ಒಂದೇ ಅಂತರದಲ್ಲಿ ಎಷ್ಟು ತೂತು ಬೇಕಾದರೂ ಕೊರೆಯಬಹುದಲ್ಲ? ತೆಳು ಉಕ್ಕಿನ ಪಟ್ಟಿ ತೆಗೆದುಕೊಂಡ. ಒಂದು ಮೊಳೆ, ಒಂದು ಕಂಡಿ ಇರುವ ಪುಟ್ಟ ಅಚ್ಚು ಮಾಡಿಕೊಂಡ. ಕೊರೆದ ತೂತಿಗೆ ಮೊಳೆ ಸಿಕ್ಕಿಸುವುದು, ಕಂಡಿಯಿಂದ ಮುಂದಿನದನ್ನು ಕೊರೆಯುವುದು. ಪಟ್ಟಿ ಮುಗಿದ ಮೇಲೆ ಅದನ್ನು ಬಳೆಯಂತೆ ಒಂದು ದುಂಡು ಬಿಲ್ಲೆಗೆ ಸುತ್ತಿದರೆ ನೂರಿಪ್ಪತ್ತೇಳು ಪಾಲು ತಾನಾಗಿ ಸಿಕ್ಕಿತು. ಮೂರು ವಾರ ಊಟದ ಹೊತ್ತಿನಲ್ಲೂ ಕೊರೆದ. ಅವನ ಬಗ್ಗಿದ ಬೆನ್ನನ್ನು ನೋಡುತ್ತ ನಾನು ಮೂರು ವಾರ ಕುದ್ದೆ. ಇದು ನನಗೇಕೆ ಹೊಳೆಯಲಿಲ್ಲ? ಹೊಳೆದಿದ್ದರೂ ನನಗೆ ಇಷ್ಟು ತಾಳ್ಮೆ ಇರುತ್ತಿತ್ತೇ?

ಪಟ್ಟಿಯನ್ನು ಬಿಲ್ಲೆಗೆ ಕೂರಿಸುವ ಮುನ್ನಾದಿನ ಬೆಳಿಗ್ಗೆ ನನ್ನ ನಾದಿನಿ, ಅಂದರೆ ಅವನ ಹೆಂಡತಿ, ನಮ್ಮ ಮನೆಗೆ ಬಂದಳು. "ಭಾವ, ನಾಳೆ ಗಿರಾಕಿಯೂ ಬರ್ತಾರಂತೆ. ಇವರು ಒಂದು ವಾರದಿಂದ ಸರಿಯಾಗಿ ಉಂಡೇ ಇಲ್ಲ. ಏನೂ ಎಡವಟ್ಟಾಗದ ಹಾಗೆ ನೀವೇ ಸ್ವಲ್ಪ ನೋಡ್ಕೊಳ್ಳಿ" ಎಂದಳು. ನಾನು ನೋಡಿಕೊಂಡೆ, ಕೇಳಿ.

ಅಂದು ಮಧ್ಯಾಹ್ನ ಅವನು ಯಜಮಾನರ ಕೋಣೆಗೆ ಹೋಗಿದ್ದ. ಉಳಿದವರು ಹೊರಗೆ ಊಟಕ್ಕೆ ಕೂತಿದ್ದರು. ಪಟ್ಟಿ ಅವನ ಮೇಜಿನ ಮೇಲೆ ಎಣ್ಣೆಬಟ್ಟೆಯಲ್ಲಿತ್ತು. ಬಿಚ್ಚಿ ಎಣಿಸಿದೆ. ಎಣಿಸಲು ಸುಲಭವಾಗಲೆಂದು ಹತ್ತು ತೂತಿಗೊಂದು ಚುಕ್ಕೆ ಒತ್ತಿದ್ದ. ಹನ್ನೆರಡು ಚುಕ್ಕೆ, ಅದರ ಮೇಲೆ ಎಂಟು ತೂತು. ನೂರಿಪ್ಪತ್ತೆಂಟು! ಮತ್ತೆ ಎಣಿಸಿದೆ. ನೂರಿಪ್ಪತ್ತೆಂಟೇ.

ಹಾಲು ಕುಡಿದಷ್ಟು ಸಂತೋಷವಾಯಿತು. ಬಸ್ ಟಿಕೆಟ್ಟನ್ನೂ ಬಿಡದ ಮಹಾಶಯ ಒಂದು ತೂತು ಹೆಚ್ಚು ಕೊರೆದಿದ್ದಾನೆ! ನಾಳೆ ಗಿರಾಕಿಯ ಎದುರು, ಯಜಮಾನರ ಎದುರು, ಇಡೀ ಸಾಲಿನ ಎದುರು ಅವನ ಎಣಿಕೆ ತಪ್ಪುತ್ತದೆ. ಆ ದೃಶ್ಯವನ್ನು ಕಣ್ಣೆದುರು ತಂದುಕೊಂಡು ನಿಂತೆ. ಅದರಲ್ಲಿ ಅವನ ಮುಖ ಕಂಡಿತು, ಹಿಂದೆಯೇ ನಾದಿನಿಯ ಮುಖ ಕಂಡಿತು. ಎಂಟು ವರ್ಷದಲ್ಲಿ ಮೊದಲ ಸಲ ನನಗೆ ಅವನ ಬಗ್ಗೆ ಅಯ್ಯೋ ಪಾಪ ಅನ್ನಿಸಿತು. ಹೋಗಲಿ, ಯಾರಿಗೂ ತಿಳಿಯದ ಹಾಗೆ ಸರಿಮಾಡಿಬಿಡೋಣ, ಒಂದು ತೂತು ತಾನೇ? ಎಡಗೈಯವರಿಗೆಂದೇ ಮಾಡಿದ ನನ್ನ ತಗಡಿನ ಕತ್ತರಿ ತಂದು ತುದಿಯ ತೂತನ್ನು ಕತ್ತರಿಸಿ ಹಾಕಿದೆ. ಉಗುರಿನಷ್ಟು ಚೂರು. ಅದನ್ನು ಜೇಬಿಗೆ ಹಾಕಿಕೊಂಡು ಪಟ್ಟಿಯನ್ನು ಇದ್ದ ಹಾಗೇ ಸುತ್ತಿಟ್ಟು ಹೋಗಿ ಕೈತೊಳೆದೆ. ಅಂದು ಸಂಜೆ ಮನೆಯಲ್ಲಿ ನಾನು ಹಾಡು ಗುನುಗುತ್ತಿದ್ದೆನಂತೆ. ಹೆಂಡತಿ ಹಣೆ ಮುಟ್ಟಿ ನೋಡಿದಳು.

ಮಾರನೆಯ ದಿನ ಎಲ್ಲರೂ ಸುತ್ತ ನಿಂತಿದ್ದೆವು. ಅವನು ಪಟ್ಟಿಯನ್ನು ಬಿಲ್ಲೆಗೆ ಸುತ್ತಿ, ಕೈಯಲ್ಲೊಂದು ಸಣ್ಣ ಮೊಳೆ ಹಿಡಿದು, ಗಿರಾಕಿಗೆ ವಿವರಿಸಿದ.

"ಬಿಲ್ಲೇನ ಒಂಚೂರು ದಪ್ಪಕ್ಕೇ ಬಿಟ್ಟಿದೀನಿ ಸಾರ್. ಇನ್ನು ಸ್ವಲ್ಪ ಸ್ವಲ್ಪ ತೆಗೀತಾ ಬರ್ತೀನಿ. ಕೊನೇ ತೂತು ಮೊದಲನೇ ತೂತಿನ ಮೇಲೆ ಸರಿಯಾಗಿ ಕೂತು, ಈ ಮೊಳೆ ಎರಡರಲ್ಲೂ ಇಳೀತು ಅಂದ್ರೆ ಅಳತೆ ಬಂತು ಅಂತ. ಅದಕ್ಕೇ ನೂರಿಪ್ಪತ್ತೆಂಟು ತೂತು. ಒಂದರ ಮೇಲೊಂದು ಕೂತ್ರೆ ನೂರಿಪ್ಪತ್ತೇಳು."

ಐದು ಸಂದು ಬೇಕಾದರೆ ಆರು ಕಂಬ ನೆಡಬೇಕು, ಬೇಲಿ ಹಾಕುವವನಿಗೂ ಗೊತ್ತು. ಹಲ್ಲು ಕಡಿಯುತ್ತ ಕೂದಲು ಹಣ್ಣಾಗುತ್ತಿದ್ದ ನನಗೆ ಹೊಳೆದಿರಲಿಲ್ಲ. ನಮ್ಮ ಕೆಲಸವೆಲ್ಲ ದುಂಡಗಿನದು. ದುಂಡಗಿನದರಲ್ಲಿ ತೂತೆಷ್ಟೋ ಸಂದೂ ಅಷ್ಟೇ. ಉದ್ದದ ಪಟ್ಟಿಯನ್ನೂ ನಾನು ದುಂಡಗಿನದರ ಹಾಗೆ ಎಣಿಸಿದ್ದೆ. ಅವನ ತಪ್ಪು ಸಿಕ್ಕಿತೆಂಬ ಆತುರದಲ್ಲಿ ಯೋಚಿಸಲೂ ಇಲ್ಲ.

ಅವನು ತುದಿಯನ್ನು ಎಳೆದ. ಕೂರಿಸಲು ತೂತಿಲ್ಲ. ಚುಕ್ಕೆ ಎಣಿಸಿದ, ಉಳಿದ ಏಳನ್ನು ಎಣಿಸಿದ. ಯಜಮಾನರ ಹುಬ್ಬು ಗಂಟಿಕ್ಕಿತು. "ಏನಾಯ್ತು? ಯಾರಾದ್ರೂ ಮುಟ್ಟಿದ್ರಾ?"

"ನಾನಂತೂ ಆ ಕಡೆ ತಲೆ ಹಾಕೇ ಇಲ್ಲ" ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡೆ.

ಷಡ್ಡಕ ಪಟ್ಟಿಯ ತುದಿಯ ಮೇಲೆ ಹೆಬ್ಬೆರಳು ಎಳೆದ. ಕತ್ತರಿಸಿದ ಅಂಚಿಗೆ ಒಂದು ಒರಟು ಇರುತ್ತದೆ. ಬಲಗೈ ಕತ್ತರಿಯದು ಒಂದು ಬದಿಗೆ, ಎಡಗೈಯದು ಇನ್ನೊಂದು ಬದಿಗೆ. ಅವನು ತಲೆಯೆತ್ತಿ ಗೋಡೆಯಲ್ಲಿ ನೇತಾಡುತ್ತಿದ್ದ ನನ್ನ ಕತ್ತರಿಯನ್ನು ನೋಡಿದ. ನನ್ನನ್ನು ನೋಡಲಿಲ್ಲ.

"ನಂದೇ ತಪ್ಪು ಸಾರ್. ಎಣಿಕೆ ತಪ್ಪಿದೀನಿ" ಎಂದ.

"ಒಂದು ತುಂಡು ತೇಪೆ ಹಾಕು. ನಡೆಯುತ್ತಲ್ಲ?"

"ನಡೆಯುತ್ತೆ. ಆದ್ರೆ ತೇಪೆ ಹತ್ರ ಅಂತರ ಹೆಚ್ಚುಕಮ್ಮಿ ಆಗುತ್ತೆ, ಅದು ನೂರಿಪ್ಪತ್ತೇಳು ಆಗಲ್ಲ. ಇನ್ನು ಮೂರು ವಾರ ಕೊಡಿ."

ಗಿರಾಕಿ ಕೊಡಲಿಲ್ಲ. ಯಜಮಾನರು ಗೇರನ್ನು ದುಪ್ಪಟ್ಟು ದುಡ್ಡು ಕೊಟ್ಟು ಎಲ್ಲಿಂದಲೋ ತರಿಸಿದರು, ಅವನ ಮುಖಕ್ಕೇ "ಎಣಿಸೋಕೆ ಬರದವನು" ಎಂದರು. ಮುಂದಿನ ತಿಂಗಳು ಗಾಜಿನ ಕೋಣೆಯ ಕುರ್ಚಿ ನನ್ನದಾಯಿತು. ಹತ್ತೊಂಬತ್ತು ವರ್ಷ ಅದರಲ್ಲಿ ಕೂತು ಅವನ ನೆತ್ತಿ ನೋಡಿದೆ. ಒಂದು ದಿನವೂ ಸುಖವಾಗಲಿಲ್ಲ.

ಕತ್ತರಿಸಿದ್ದು ನಾನೆಂದು ಅವನಿಗೆ ಗೊತ್ತು. ಅವನಿಗೆ ಗೊತ್ತೆಂದು ನನಗೆ ಗೊತ್ತು. ಏಕೆ ಕತ್ತರಿಸಿದೆ ಎನ್ನುವುದು ಮಾತ್ರ ಅವನಿಗೆ ಗೊತ್ತಿಲ್ಲ. ಜೀವಮಾನವಿಡೀ ಅವನ ಮೇಲೆ ಕರುಬಿದವನು ನಾನು, ಒಪ್ಪುತ್ತೇನೆ. ಆದರೆ ಆ ಒಂದು ಮಧ್ಯಾಹ್ನ, ಆ ಒಂದೇ ಸಲ, ಕರುಬಿ ಮಾಡಿದ್ದಲ್ಲ. ಅದೊಂದು ಅವನಿಗೆ ತಿಳಿಯಬೇಕಿತ್ತು. ಹೇಳಿದರೆ ಯಾರು ನಂಬುತ್ತಾರೆ? ಅದಕ್ಕಿಂತ ಉರಿಯುತ್ತಿದ್ದದ್ದು ಅವನ ಆ ಮೌನ. ಬೈದಿದ್ದರೆ ನಾನೂ ಬೈದು ಋಣ ತೀರಿಸಿಕೊಳ್ಳುತ್ತಿದ್ದೆ. ಅವನು ಎಂದಿನಂತೆ ಅಣ್ಣ ಎಂದ, ಎಂದಿನಂತೆ ಮಕ್ಕಳನ್ನು ಕರೆದುಕೊಂಡು ಮನೆಗೆ ಬಂದ. ಬಿಡುವಾದಾಗ ಹೊಸ ಪಟ್ಟಿ ಕೊರೆದು ತಟ್ಟೆಯನ್ನೂ ಮಾಡಿಯೇ ಬಿಟ್ಟ. ಕಾರ್ಖಾನೆ ಅದನ್ನು ವರ್ಷಗಟ್ಟಲೆ ಬಳಸಿತು. ಅವನು ಕೆಲಸ ಬಿಡುವಾಗ ಅದನ್ನೇ ಉಡುಗೊರೆ ಕೊಟ್ಟರು. ನನಗೆ ಕೊಟ್ಟದ್ದು ಗೋಡೆ ಗಡಿಯಾರ, ಅದೂ ದಿನಕ್ಕೆ ಐದು ನಿಮಿಷ ಹಿಂದೆ ಬೀಳುತ್ತದೆ.

ನಾದಿನಿ ಆ ತಟ್ಟೆಗೆ ಕೆಂಪು ನೂಲು ಪೋಣಿಸಿ ಗೋಡೆಗೆ ಹಾಕಿದ್ದಾಳೆ. ಐವತ್ತು ಐವತ್ತು ತೂತು ದಾಟುತ್ತ ಒಂದೇ ಎಳೆಯಲ್ಲಿ ಎಲ್ಲ ತೂತನ್ನೂ ಮುಟ್ಟಿ ಮೊದಲಿನದಕ್ಕೆ ಬಂದು ಗಂಟು ಹಾಕಿದ್ದಾಳೆ. "ಎಷ್ಟು ಚಂದ ಇದೆ ನೋಡಿ" ಎಂದಳು ನನ್ನ ಹೆಂಡತಿ. ಚಂದವಾಗಿಯೇ ಇದೆ, ಏನು ಮಾಡಲಿ!

ಹೋದ ತಿಂಗಳು ಅವನ ಎರಡೂ ಕಣ್ಣಿನ ಪೊರೆ ತೆಗೆಸಿದರು. ಅವನನ್ನು ಮನೆಗೆ ಕರೆತಂದ ದಿನ ನಾದಿನಿ ಔಷಧಿ ತರಲು ಹೋದಳು, ನನ್ನನ್ನು ಕಾವಲಿಗೆ ಕೂರಿಸಿದ್ದರು. ಅವನು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ದಿಂಬಿಗೆ ಒರಗಿದ್ದ, ತಲೆಯ ಮೇಲೆ ಆ ಕೆಂಪು ನೂಲಿನ ತಟ್ಟೆ. ನನ್ನ ಮುಖ ಅವನಿಗೆ ಕಾಣದು ಎನ್ನುವ ಧೈರ್ಯದಲ್ಲಿ ಜೇಬಿನಿಂದ ಆ ಚೂರನ್ನು ತೆಗೆದೆ. ಇಪ್ಪತ್ತನಾಲ್ಕು ವರ್ಷ ಅದನ್ನು ಗುಂಡಿಗಳ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಅವನ ಅಂಗೈಗೆ ಹಾಕಿದೆ. ಹೆಬ್ಬೆರಳಿನಿಂದ ತೂತು ಸವರಿದ, ಅಂಚು ಸವರಿದ.

"ನೂರಿಪ್ಪತ್ತೆಂಟನೇದು" ಎಂದ.

"ನೋಡಯ್ಯ, ಇವತ್ತು ಹೇಳಿಬಿಡ್ತೀನಿ. ನಾನು ಅದನ್ನ ಹೊಟ್ಟೆಕಿಚ್ಚಿಗೆ ಕತ್ತರಿಸಿದ್ದಲ್ಲ. ಎಣಿಸಿದೆ, ನೂರಿಪ್ಪತ್ತೆಂಟಿತ್ತು. ಒಂದು ಜಾಸ್ತಿ ಕೊರೆದಿದೀಯ, ಎಲ್ಲರ ಮುಂದೆ ನಿನ್ನ ಮರ್ಯಾದೆ ಹೋಗುತ್ತೆ ಅಂತ ಸರಿಮಾಡೋಕೆ ಹೋದೆ. ನಿನ್ನ ಒಳ್ಳೇದಕ್ಕೇ ಮಾಡ್ದೆ."

ಅವನು ಚೂರನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಆಮೇಲೆ ಮಂಚ ಅಲುಗಾಡತೊಡಗಿತು. ಅಳುತ್ತಿದ್ದಾನೆ ಎಂದುಕೊಂಡೆ. ನೋಡಿದರೆ ನಗುತ್ತಿದ್ದ.

"ಅಯ್ಯೋ ಅಣ್ಣ, ಡಾಕ್ಟ್ರು ನಗಬೇಡ ಅಂದಿದಾರೆ" ಎಂದು ಹೊಟ್ಟೆ ಹಿಡಿದುಕೊಂಡ. "ಹೊಟ್ಟೆಕಿಚ್ಚು ಅಂದ್ಕೊಂಡೇ ನಾನು ಅವತ್ತು ಬಾಯಿ ಮುಚ್ಕೊಂಡಿದ್ದು. ಪಾಪ, ಅಷ್ಟು ಆಸೆಪಟ್ಟಿದಾರೆ, ಕೆಲಸ ಬಲ್ಲವರು, ಕೂರಲಿ ಬಿಡು ಕುರ್ಚೀಲಿ ಅಂತ. ಯಾವ ತೂತು ಕತ್ತರಿಸಿದ್ರೆ ಕೆಲಸ ಕೆಡುತ್ತೆ ಅಂತ ತಿಳಿದೇ ಕತ್ತರಿಸಿದಾರಲ್ಲ, ಎಂಥ ತಲೆ ಅಂತ ಮೆಚ್ಕೊಂಡೂ ಇದ್ದೆ! ಎಣಿಸೋಕೆ ಬರದೆ ಕತ್ತರಿಸಿದ್ದು ಅಂತ ಗೊತ್ತಾಗಿದ್ರೆ, ನಿಮ್ಮಾಣೆ, ಮೇಸ್ತ್ರಿ ಆಗೋಕೆ ಬಿಡ್ತಾನೇ ಇರ್ಲಿಲ್ಲ."

ಇಪ್ಪತ್ತನಾಲ್ಕು ವರ್ಷ ಈ ಮನುಷ್ಯ ನನ್ನನ್ನು ಒಬ್ಬ ಜಾಣನೆಂದು ತಿಳಿದಿದ್ದ, ಅವನ ಸಮಸಮಕ್ಕೆ ಇಟ್ಟು ನೋಡಿದ್ದ. ನಾನೇ ಬಂದು ಅದನ್ನು ಕೈಯಾರೆ ಕತ್ತರಿಸಿ ಹಾಕುತ್ತಿದ್ದೆ. ಹೊರಗೆ ನಾದಿನಿ ಗೇಟು ತೆಗೆದ ಸದ್ದಾಯಿತು. ಹೆಚ್ಚು ಹೊತ್ತಿರಲಿಲ್ಲ.

"ತಮಾಷೆ ಮಾಡ್ದೆ ಕಣಯ್ಯ" ಎಂದೆ. "ಒಂದರ ಮೇಲೊಂದು ಕೂರಬೇಕು ಅಂತ ನನಗೆ ಗೊತ್ತಿರಲಿಲ್ವಾ? ಹೊಟ್ಟೆಕಿಚ್ಚಿಗೇ ಕತ್ತರಿಸಿದ್ದು."

ಅವನು ನಗು ನಿಲ್ಲಿಸಿ ನನ್ನ ಕೈಗಾಗಿ ತಡಕಾಡಿ, ಸಿಕ್ಕಿದ ಮೇಲೆ ಮೆಲ್ಲಗೆ ತಟ್ಟಿದ.

"ಸರಿ ಅಣ್ಣ. ಹಾಗಂತಲೇ ಇಟ್ಕೊಳ್ಳೋಣ" ಎಂದ.

ನಾದಿನಿ ಒಳಗೆ ಬಂದು ಏನು ಮಾತು ಎಂದು ಕೇಳಿದಳು. ಹಳೆಯ ಲೆಕ್ಕ ಎಂದ ಅವನು. ಆ ಚೂರನ್ನು ವಾಪಸ್ ಕೊಡಲಿಲ್ಲ, ನಾನೂ ಕೇಳಲಿಲ್ಲ. ನನ್ನ ಸುಳ್ಳನ್ನೂ ಅವನೇ ಕಾಪಾಡಬೇಕು, ನನ್ನ ದಡ್ಡತನವನ್ನೂ ಅವನೇ ಮುಚ್ಚಿಡಬೇಕು, ಇಷ್ಟಾದ ಮೇಲೂ ಅಣ್ಣ ಎಂದೇ ಕರೆಯಬೇಕು. ಇಂಥವನನ್ನು ಕಂಡರೆ ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ, ನೀವೇ ಹೇಳಿ.